ಮುದಿಮರದ ಚಿಗುರು: ಯುನ್ನಾನ್ ಕಾಡಿನ ಪು-ಅರ್ ಚಹಾ

ಚೀನೀ ಅಂಗಡಿಗಳಲ್ಲಿ ಸೊಪ್ಪು-ತರಕಾರಿ ಹುಡುಕುತ್ತ ಅಡ್ಡಾಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಹಾಗೆ ಚಹಾ ಜೋಡಿಸಿಟ್ಟ ಸಾಲಿಗೆ ಬಂದಾಗ ಒಂದು ವಸ್ತು ಕಣ್ಣಿಗೆ ಬಿದ್ದಿರಬಹುದು: ತೆಳು ಕಾಗದದಲ್ಲಿ ಸುತ್ತಿ, ಮೇಲೆ ಚೀನೀ ಅಕ್ಷರಗಳ ಮುದ್ರೆ ಒತ್ತಿದ, ತಿಂಡಿ ತಟ್ಟೆಯಷ್ಟಗಲದ ದುಂಡು ಬಿಲ್ಲೆ. ಕಾಗದ ಬಿಡಿಸಿ ನೋಡಿದರೆ, ಹಳ್ಳಿಯಲ್ಲಿ ಬೆಳೆದವರಿಗೆ ಮೊದಲು ನೆನಪಾಗುವುದು ಗೋಡೆಗೆ ತಟ್ಟಿ ಒಣಗಿಸಿದ ಬೆರಣಿ! ಗಾಬರಿಯಾಗಬೇಡಿ, ಅದು ಚಹಾ. ಹೆಸರು ಪು-ಅರ್.

ಇನ್ನೂ ವಿಚಿತ್ರವೆಂದರೆ ಅದರ ಬೆಲೆ. ಒಂದು ಬಿಲ್ಲೆಗೆ ಹತ್ತಿಪ್ಪತ್ತು ಡಾಲರ್ ಇದ್ದರೆ, ಪಕ್ಕದಲ್ಲೇ ಇರುವ ಅದೇ ಗಾತ್ರದ, ಅದೇ ಬಣ್ಣದ ಇನ್ನೊಂದು ಬಿಲ್ಲೆಗೆ ನೂರಾರು ಡಾಲರ್. ಏಕೆ ಎಂದು ಕೇಳಿದರೆ ಅಂಗಡಿಯವರು ಹೇಳುವುದು ಒಂದೇ ಮಾತು: 'ಗುಶು'. ಗು ಎಂದರೆ ಪುರಾತನ, ಶು ಎಂದರೆ ಮರ. ಅಂದರೆ ಇದು ತೋಟದ ಗಿಡದ ಎಲೆಯಲ್ಲ, ಕಾಡಿನ ನಡುವೆ ನೂರಾರು ವರ್ಷ ಬಾಳಿದ ಮರದ ಎಲೆ ಎಂದು ಅರ್ಥ. ಆ ಒಂದು ಮಾತಿನ ಹಿಂದೆ ಎಷ್ಟು ನಿಜವಿದೆ, ಎಷ್ಟು ವ್ಯಾಪಾರವಿದೆ, ಮತ್ತು ಅದರಿಂದ ಆ ಮರಗಳಿಗೆ ಏನಾಗುತ್ತಿದೆ ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಗಿಡವಲ್ಲ, ಮರ

ನೀಲಗಿರಿಯಲ್ಲೋ ಮುನ್ನಾರಿನಲ್ಲೋ ನಾವು ನೋಡಿರುವ ಚಹಾ, ಸೊಂಟದೆತ್ತರಕ್ಕೆ ಸಮನಾಗಿ ಕತ್ತರಿಸಿದ ಹಸಿರು ಹಾಸು. ಹೀಗಾಗಿ ಚಹಾ ಎಂದರೆ ಪೊದೆ ಎಂದೇ ನಮ್ಮ ತಿಳಿವಳಿಕೆ. ನಿಜಕ್ಕೂ ಅದು ಪೊದೆಯಾಗಿರುವುದು ಕತ್ತರಿಯ ದೆಸೆಯಿಂದ. ಕೈ ಚಾಚಿದರೆ ಚಿಗುರು ಸಿಗಲಿ, ಸವರಿದಷ್ಟೂ ಹೊಸ ಚಿಗುರು ಒಡೆಯಲಿ ಎಂದು ಮನುಷ್ಯ ಅದನ್ನು ಬೆಳೆಯಗೊಡುವುದಿಲ್ಲ. ಸುಮ್ಮನೆ ಬಿಟ್ಟರೆ, ಅದರಲ್ಲೂ ದೊಡ್ಡ ಎಲೆಯ ತಳಿಯಾದರೆ, ಅದು ಏಣಿ ಹಾಕಿ ಹತ್ತಬೇಕಾದ ಮರವೇ ಆಗುತ್ತದೆ.

ಈ ದೊಡ್ಡ ಎಲೆಯ ತಳಿಗೆ ಸಸ್ಯಶಾಸ್ತ್ರದ ಹೆಸರು ಕ್ಯಾಮೆಲಿಯಾ ಸೈನೆನ್ಸಿಸ್, ಅಸ್ಸಾಮಿಕಾ. ಹೆಸರಿನಲ್ಲೇ ನಮ್ಮ ಅಸ್ಸಾಮ್ ಇದೆ ನೋಡಿ! 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ಲೆಂಡಿನವನಿಗೆ ಅಸ್ಸಾಮಿನ ಸಿಂಗ್ಫೋ ಜನ ತೋರಿಸಿದ್ದು ಇದೇ ಜಾತಿಯ ಮರವನ್ನು. ಅಸ್ಸಾಮಿನಿಂದ ಮ್ಯಾನ್ಮಾರ್ ದಾಟಿ ಯುನ್ನಾನಿನವರೆಗೆ ಹರಡಿಕೊಂಡ ಬೆಟ್ಟಸಾಲಿನಲ್ಲಿ ಇದು ಸಹಜವಾಗಿ ಬೆಳೆಯುತ್ತದೆ. ಆದರೆ ಇತ್ತೀಚಿನ ವಂಶವಾಹಿ ಅಧ್ಯಯನಗಳ ಪ್ರಕಾರ ಅಸ್ಸಾಮಿನ ಚಹಾ ಮತ್ತು ಯುನ್ನಾನಿನ ಚಹಾ ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ಎರಡು ಕಡೆಯ ಜನ ತಮ್ಮ ತಮ್ಮ ಮರಗಳನ್ನು ಬೇರೆಬೇರೆಯಾಗಿ ಪಳಗಿಸಿಕೊಂಡಿರಬೇಕು.

ಯುನ್ನಾನ್ ಚೀನಾದ ನೈಋತ್ಯ ಮೂಲೆಯ ಪ್ರಾಂತ. ಅದರ ದಕ್ಷಿಣಕ್ಕೆ, ಲಾವೋಸ್ ಮತ್ತು ಮ್ಯಾನ್ಮಾರಿನ ಗಡಿಗೆ ಹತ್ತಿರದಲ್ಲಿ, ಮೆಕಾಂಗ್ ನದಿಯ ಎಡಬಲದ ಬೆಟ್ಟಗಳೇ ಪು-ಅರ್ ಚಹಾದ ಸೀಮೆ. ಶೀಶ್ವಾಂಗ್‌ಬಾನ್ನಾ, ಪು-ಅರ್, ಲಿನ್‌ಸಾಂಗ್ ಇಲ್ಲಿನ ಮೂರು ಮುಖ್ಯ ಪ್ರದೇಶಗಳು. ಪು-ಅರ್ ಎಂಬುದು ಮೊದಲಿಗೆ ಚಹಾ ಬೆಳೆಯುತ್ತಿದ್ದ ಊರಿನ ಹೆಸರಲ್ಲ, ಚಹಾ ಬಂದು ಸೇರಿ ಮಾರಾಟವಾಗುತ್ತಿದ್ದ ಸಂತೆಯ ಊರು. 1729ರಲ್ಲಿ ಚಿಂಗ್ ಅರಸರು ಅಲ್ಲಿ ಆಡಳಿತ ಕೇಂದ್ರ ಸ್ಥಾಪಿಸಿದರು. ಅಲ್ಲಿಂದ ಬೀಜಿಂಗಿನ ಅರಮನೆಗೆ ಚಹಾ ಕಪ್ಪವಾಗಿ ಹೋಗತೊಡಗಿತು. ಬ್ಯಾಡಗಿ ಮೆಣಸಿನಕಾಯಿಯೆಲ್ಲ ಬ್ಯಾಡಗಿಯಲ್ಲೇ ಬೆಳೆದದ್ದೇನೂ ಅಲ್ಲವಲ್ಲ, ಹಾಗೇ ಇದೂ! 2007ರಲ್ಲಿ ಅಲ್ಲಿನ ಸಿಮಾವ್ ನಗರ ಚಹಾದ ಕೀರ್ತಿಯನ್ನು ನೆಚ್ಚಿ ತನ್ನ ಹೆಸರನ್ನೇ ಪು-ಅರ್ ಎಂದು ಬದಲಿಸಿಕೊಂಡಿತು. ಮೂಲದ ಪು-ಅರ್ ಈಗ ನಿಂಗ್-ಅರ್ ಎನ್ನಿಸಿಕೊಂಡಿದೆ.

ಕಾಡಿನೊಳಗಿನ ತೋಟ

'ಕಾಡಿನ ಚಹಾ' ಎಂದ ಕೂಡಲೇ ಯಾರೂ ನೆಡದ, ತಾನಾಗಿ ಹುಟ್ಟಿದ ಮರ ಎಂದುಕೊಳ್ಳುತ್ತೇವೆ. ಅಂಥ ಕಾಡುಮರಗಳೂ ಇವೆ. ಆದರೆ ನಾವು ಕುಡಿಯುವ ಗುಶು ಚಹಾದ ಬಹುಪಾಲು ಬರುವುದು ಮನುಷ್ಯರೇ ನೆಟ್ಟ ಮರಗಳಿಂದ. ನೆಟ್ಟವರ ಹೆಸರು ಮರೆತುಹೋಗಿದೆ, ಅಷ್ಟೆ. ಬುಲಾಂಗ್, ದಾಯ್, ಹಾನಿ, ಲಾಹು, ಜಿನೋ ಮೊದಲಾದ ಬೆಟ್ಟದ ಜನ ಕಾಡನ್ನು ಪೂರ್ತಿ ಕಡಿಯದೆ, ದೊಡ್ಡ ಮರಗಳನ್ನು ಉಳಿಸಿಕೊಂಡು ಅವುಗಳ ಕೆಳಗೆ ಚಹಾ ಬೆಳೆಸಿದರು. ಕೊಡಗು, ಚಿಕ್ಕಮಗಳೂರುಗಳಲ್ಲಿ ಕಾಡುಮರದ ನೆರಳನ್ನು ಉಳಿಸಿಕೊಂಡ ಹಳೆಯ ಕಾಫಿ ತೋಟಗಳನ್ನು ನೋಡಿದವರಿಗೆ ಈ ಚಿತ್ರ ತಟ್ಟನೆ ಹಿಡಿಯುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಪು-ಅರ್ ನಗರಾಡಳಿತಕ್ಕೆ ಸೇರಿದ ಜಿಂಗ್‌ಮಾಯ್ ಬೆಟ್ಟ. ಇಲ್ಲಿನ ಹಳೆಯ ಚಹಾ ಕಾಡುಗಳನ್ನು ಸೆಪ್ಟೆಂಬರ್ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹತ್ತನೆಯ ಶತಮಾನದಿಂದ ಈಚೆಗೆ ಬುಲಾಂಗ್ ಮತ್ತು ದಾಯ್ ಜನ ರೂಪಿಸಿದ ಐದು ದೊಡ್ಡ ಚಹಾ ಕಾಡುಗಳು, ಒಂಬತ್ತು ಹಳ್ಳಿಗಳು, ಜೊತೆಗೆ ತೋಟಗಳ ನಡುವೆ ಬೇಲಿಯಂತೆ ಬಿಟ್ಟ ಮೂರು ಕಾಡಿನ ಪಟ್ಟಿಗಳು ಇದರಲ್ಲಿವೆ. ಇವು ಒಂದು ತೋಟದ ರೋಗ ಇನ್ನೊಂದಕ್ಕೆ ಹರಡದಂತೆ, ಗಾಳಿ ಮತ್ತು ಚಳಿ ನೇರವಾಗಿ ಹೊಡೆಯದಂತೆ ತಡೆಯುತ್ತವೆ. ಪ್ರತಿ ತೋಟದಲ್ಲೂ ಒಂದು ಮರವನ್ನು 'ಚಹಾದ ಆತ್ಮದ ಮರ' ಎಂದು ಗುರುತಿಸಿ, ಮೊದಲ ಕೊಯ್ಲಿಗೆ ಮುಂಚೆ ಅದಕ್ಕೆ ಪೂಜೆ ಸಲ್ಲಿಸುವ ರೂಢಿ ಇದೆ. ನಮ್ಮ ದೇವರಕಾಡುಗಳನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಬುಲಾಂಗ್ ಜನ ತಮ್ಮ ಮೂಲಪುರುಷ ಪಾ ಐಲಿಂಗನ ಕಥೆಯೊಂದನ್ನು ಹೇಳುತ್ತಾರೆ. ಸಾಯುವ ಮುನ್ನ ಆತ ಮಕ್ಕಳಿಗೆ ಏನು ಬಿಟ್ಟುಹೋಗಲಿ ಎಂದು ಯೋಚಿಸಿದನಂತೆ. ದನಕರು ಕೊಟ್ಟರೆ ರೋಗ ಬಂದು ಸತ್ತಾವು, ಬೆಳ್ಳಿಬಂಗಾರ ಕೊಟ್ಟರೆ ಖರ್ಚಾಗಿಹೋದೀತು. ಚಹಾ ಮರ ಕೊಟ್ಟರೆ ಮಕ್ಕಳು ಮೊಮ್ಮಕ್ಕಳವರೆಗೂ ಉಳಿದೀತು ಎಂದು ಅದನ್ನೇ ಕೊಟ್ಟನಂತೆ. ಈ ಕಥೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೆರಳಿನಲ್ಲಿ, ಗೊಬ್ಬರ-ಕೀಟನಾಶಕಗಳಿಲ್ಲದೆ ಬೆಳೆದ ಮರ ನಿಧಾನವಾಗಿ ಚಿಗುರುತ್ತದೆ. ಇಳುವರಿ ಕಡಿಮೆ. ಬೇರು ಆಳಕ್ಕೆ ಇಳಿದಿರುತ್ತದೆ, ಉದುರಿದ ಎಲೆಯೇ ಗೊಬ್ಬರ, ಜೇಡಗಳೂ ಹಕ್ಕಿಗಳೂ ಹುಳುಗಳನ್ನು ನೋಡಿಕೊಳ್ಳುತ್ತವೆ. ಕೊಂಬೆಗಳ ಮೇಲೆ ಹಾವಸೆ, ಸೀತಾಳೆ ಗಿಡ, ಬಂದಳಿಕೆ. ಈ ಬಂದಳಿಕೆಯ ಒಂದು ಜಾತಿಗೆ ಜಿಂಗ್‌ಮಾಯ್‌ನಲ್ಲಿ 'ಏಡಿಕಾಲು' ಎಂದು ಹೆಸರು. ಅದನ್ನೂ ಒಣಗಿಸಿ ಮಾರುತ್ತಾರೆ!

ಬಾಣಲೆ, ಬಿಸಿಲು, ಕಲ್ಲು

ವಸಂತದಲ್ಲಿ, ಮಾರ್ಚ್-ಏಪ್ರಿಲ್ ತಿಂಗಳಲ್ಲಿ, ಮೊದಲ ಕೊಯ್ಲು. ಒಂದು ಮೊಗ್ಗು, ಅದರ ಜೊತೆ ಎರಡು ಮೂರು ಎಲೆ ಚಿವುಟುತ್ತಾರೆ. ಮನೆಗೆ ತಂದು ಬಿದಿರಿನ ತಟ್ಟೆಗಳಲ್ಲಿ ಹರವಿ ಸ್ವಲ್ಪ ಹೊತ್ತು ಬಾಡಿಸುತ್ತಾರೆ. ಆಮೇಲೆ ಸೌದೆ ಒಲೆಯ ಮೇಲಿನ ದೊಡ್ಡ ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತಾರೆ. ಕೈ ನಿಂತರೆ ಎಲೆ ಸೀದುಹೋಗುತ್ತದೆ. ಬೇಗ ಇಳಿಸಿದರೆ ಹಸಿ ವಾಸನೆ ಉಳಿಯುತ್ತದೆ. ಹುರಿದ ಎಲೆಯನ್ನು ಕೈಯಿಂದ ಚೆನ್ನಾಗಿ ತಿಕ್ಕಿ ಹೊಸೆದು, ಚಾಪೆಯ ಮೇಲೆ ಬಿಸಿಲಿಗೆ ಹಾಕುತ್ತಾರೆ. ಹೀಗೆ ಒಣಗಿದ ಬಿಡಿ ಎಲೆಗೆ ಮಾವೋಚಾ ಎಂದು ಹೆಸರು. ಸುಮಾರು ನಾಲ್ಕು ಕಿಲೋ ಹಸಿ ಎಲೆಗೆ ಒಂದು ಕಿಲೋ ಮಾವೋಚಾ ಸಿಗುತ್ತದೆ.

ಗುಟ್ಟಿರುವುದು ಈ ಬಿಸಿಲಿನಲ್ಲೇ. ಸಾಮಾನ್ಯ ಹಸಿರು ಚಹಾವನ್ನು ಹೆಚ್ಚು ಶಾಖದಲ್ಲಿ ಒಣಗಿಸಿ, ಎಲೆಯೊಳಗಿನ ಕಿಣ್ವಗಳ ಕೆಲಸವನ್ನು ಪೂರ್ತಿ ನಿಲ್ಲಿಸಿಬಿಡುತ್ತಾರೆ. ಅದು ತಾಜಾ ಇದ್ದಾಗಲೇ ರುಚಿ, ವರ್ಷ ಕಳೆದರೆ ಸಪ್ಪೆ. ಪು-ಅರ್‌ನಲ್ಲಿ ಹುರಿಯುವ ಶಾಖ ಕಡಿಮೆ, ಒಣಗಿಸುವುದು ಬಿಸಿಲು. ಹಾಗಾಗಿ ಎಲೆಯಲ್ಲಿ ಒಂದಿಷ್ಟು ಜೀವ ಉಳಿದಿರುತ್ತದೆ. ಗಾಳಿ, ತೇವ ಮತ್ತು ಸೂಕ್ಷ್ಮಜೀವಿಗಳು ಸೇರಿ ವರ್ಷಗಟ್ಟಲೆ ಅದನ್ನು ಬದಲಾಯಿಸುತ್ತ ಹೋಗುತ್ತವೆ. ನಮ್ಮ ಮನೆಗಳ ಉಪ್ಪಿನಕಾಯಿ ಜಾಡಿಯಲ್ಲಿ ನಡೆಯುವಂಥದೇ ವ್ಯವಹಾರ ಎನ್ನಿ.

ಬಿಲ್ಲೆ ಮಾಡುವುದಕ್ಕೆ ಮಾವೋಚಾವನ್ನು ಹಬೆಯಲ್ಲಿ ಮೆತ್ತಗಾಗಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ, ಭಾರದ ಕಲ್ಲಿನಡಿ ಇಟ್ಟು ಮೇಲೆ ನಿಂತು ಅದುಮುತ್ತಾರೆ. ಸಾಂಪ್ರದಾಯಿಕ ಬಿಲ್ಲೆಯ ತೂಕ 357 ಗ್ರಾಂ. ಈ ಬೆಸ ಲೆಕ್ಕ ಏಕೆಂದರೆ ಏಳು ಬಿಲ್ಲೆ ಸೇರಿದರೆ ಎರಡೂವರೆ ಕಿಲೋ. ಏಳನ್ನೂ ಒಟ್ಟಾಗಿ ಬಿದಿರಿನ ಹಾಳೆಯಲ್ಲಿ, ನಮ್ಮ ಅಡಿಕೆ ಹಾಳೆಯಂಥದರಲ್ಲಿ, ಸುತ್ತಿ ಕಟ್ಟುತ್ತಾರೆ. ಅಂಥ ಹನ್ನೆರಡು ಕಟ್ಟು ಸೇರಿದರೆ 30 ಕಿಲೋದ ಒಂದು ಹೇರು. ಹೇಸರಗತ್ತೆ, ಕುದುರೆಗಳ ಬೆನ್ನಿನ ಮೇಲೆ ತಿಂಗಳುಗಟ್ಟಲೆ ಟಿಬೆಟ್ಟಿನ ದಾರಿ ಸವೆಸಬೇಕಿದ್ದ ಕಾಲಕ್ಕೆ ಚಹಾ ಪುಡಿಯಾಗದೆ ತಲುಪಲು ಇದೇ ಉಪಾಯ. ಬೈಲುಕುಪ್ಪೆಯ ಟಿಬೆಟನ್ ಮನೆಗಳಲ್ಲಿ ಬೆಣ್ಣೆ, ಉಪ್ಪು ಹಾಕಿದ ಚಹಾ ಕುಡಿದವರು ನಮ್ಮಲ್ಲಿರಬಹುದು. ಅಚ್ಚು ಕಟ್ಟಿದ ಚಹಾ ಆ ಬೆಟ್ಟಗಳನ್ನು ಹತ್ತಿದ್ದು ಆ ರೂಢಿಗಾಗಿಯೇ.

ಹಸಿ ಮತ್ತು ಮಾಗಿದ್ದು

ಪು-ಅರ್‌ನಲ್ಲಿ ಎರಡು ಬಗೆ. ಈವರೆಗೆ ಹೇಳಿದ್ದು ಹಸಿ ಪು-ಅರ್, ಚೀನೀ ಮಾತಿನಲ್ಲಿ ಶೆಂಗ್. ಅದು ತಾನಾಗಿ ಹಣ್ಣಾಗಲು ಹತ್ತಿಪ್ಪತ್ತು ವರ್ಷ ಬೇಕು. ಅಷ್ಟು ಕಾಯಲು ವ್ಯಾಪಾರಕ್ಕೆ ಪುರುಸೊತ್ತೆಲ್ಲಿ? 1973ರ ಸುಮಾರಿಗೆ ಕುನ್ಮಿಂಗ್ ಚಹಾ ಕಾರ್ಖಾನೆಯಲ್ಲಿ ಹೊಸ ವಿಧಾನವೊಂದನ್ನು ರೂಢಿಗೆ ತಂದರು. ಮಾವೋಚಾವನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಮುಚ್ಚಿಟ್ಟು ಆಗಾಗ ತಿರುವುತ್ತ ಹೋದರೆ ರಾಶಿ ಬಿಸಿಯೇರಿ ಕೆಲವೇ ವಾರಗಳಲ್ಲಿ ಎಲೆ ಕಪ್ಪಾಗಿ ಮೃದುವಾಗುತ್ತದೆ. ಇದು ಶೌ, ಅಂದರೆ ಮಾಗಿಸಿದ್ದು. ಹೊಗೆ ಹಾಕಿ ಬಾಳೆಹಣ್ಣು ಮಾಡಿದ ಹಾಗೆ. ಚೀನೀ ಹೋಟೆಲುಗಳಲ್ಲಿ ಊಟದ ಜೊತೆ ಕೊಡುವ ಕಡುಗಪ್ಪು ಬಣ್ಣದ, ಒದ್ದೆ ಮಣ್ಣಿನ ವಾಸನೆಯ ಚಹಾ ಹೆಚ್ಚಾಗಿ ಇದೇ. ಪುರಾತನ ಮರ ಎಂಬ ಮಾತು ಕೇಳಿಬರುವುದು ಬಹುಮಟ್ಟಿಗೆ ಹಸಿ ಪು-ಅರ್ ವಿಷಯದಲ್ಲಿ. ಏಕೆಂದರೆ ಮರದ ಗುಣ ಮುಚ್ಚಿಹೋಗದೆ ನಾಲಗೆಗೆ ಸಿಗುವುದು ಅದರಲ್ಲೇ.

ಆ ಗುಣ ಹೇಗಿರುತ್ತದೆ? ಎಳೆಯ ಹಸಿ ಪು-ಅರ್ ಹೊನ್ನಿನ ಬಣ್ಣದ್ದು. ಮೊದಲು ಕಹಿ, ಒಗರು. ನುಂಗಿದ ಮೇಲೆ ಗಂಟಲಿನಿಂದ ನಿಧಾನವಾಗಿ ಸಿಹಿ ಏಳುತ್ತದೆ. ಚೀನೀಯರು ಇದನ್ನು ಹುಯ್‌ಗಾನ್ ಎನ್ನುತ್ತಾರೆ, ಮರಳಿ ಬರುವ ಸಿಹಿ. ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ: ನೆಲ್ಲಿಕಾಯಿ ತಿಂದು ನೀರು ಕುಡಿದಂತೆ! ಹಳೆಯ ಮರದ ಎಲೆಯಲ್ಲಿ ಕಹಿ ಬೇಗ ಕರಗುತ್ತದೆ, ಸಿಹಿ ಬಹಳ ಹೊತ್ತು ನಿಲ್ಲುತ್ತದೆ, ಹತ್ತಾರು ಸಲ ನೀರು ಹೊಯ್ದರೂ ಸತ್ವ ಬಿಡುತ್ತದೆ ಎಂಬುದು ಕುಡಿದು ಬಲ್ಲವರ ಅನುಭವ. ಆದರೆ ರುಚಿಗೆ ಮರದ ವಯಸ್ಸೊಂದೇ ಕಾರಣವಲ್ಲ. ನೆರಳು, ಮಣ್ಣು, ಕೊಯ್ಲಿನ ಕಾಲ, ಹುರಿದವರ ಕೈ, ಎಲ್ಲವೂ ಸೇರುತ್ತವೆ. ಸೆಲೀನಾ ಅಹ್ಮದ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಮುಂಗಾರು ಶುರುವಾದ ಮೇಲೆ ಕೊಯ್ದ ಎಲೆಯಲ್ಲಿ ರುಚಿಗೆ ಮುಖ್ಯವಾದ ಕೆಲವು ರಾಸಾಯನಿಕಗಳು ವಸಂತದ ಎಲೆಯಲ್ಲಿದ್ದುದರ ಅರ್ಧದವರೆಗೂ ಕುಸಿದಿದ್ದನ್ನು ಕಂಡಿತು. ಮಳೆಗಾಲದ ಚಹಾ ತೆಳು ಎಂದು ಬೆಳೆಗಾರರು ಮೊದಲಿನಿಂದ ಹೇಳುತ್ತಿದ್ದುದು ಸುಳ್ಳಾಗಿರಲಿಲ್ಲ.

ಬೇಡವಾದ ಮರ ಬಂಗಾರವಾದದ್ದು

ಇಂದು ಇಷ್ಟು ಬೆಲೆಬಾಳುವ ಈ ಮರಗಳು ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದವು. ಸರಕಾರದ ಕಾರ್ಖಾನೆಗಳ ಕಾಲದಲ್ಲಿ ಎಲ್ಲರ ಎಲೆಯೂ ಒಂದೇ ರಾಶಿಗೆ ಬೀಳುತ್ತಿತ್ತು. ಯಾವ ಬೆಟ್ಟ, ಯಾವ ಮರ ಎಂದು ಕೇಳುವವರಿರಲಿಲ್ಲ. 1970-80ರ ದಶಕಗಳಲ್ಲಿ ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಒತ್ತೊತ್ತಾಗಿ ಪೊದೆ ನೆಡುವುದೇ ಆಧುನಿಕ ಕೃಷಿ ಎನ್ನಿಸಿಕೊಂಡಿತು. ಹಳೆಯ ಮರಗಳನ್ನು ಹೆಚ್ಚು ಚಿಗುರಲಿ ಎಂದು ಬುಡದ ಹತ್ತಿರವೇ ಕಡಿದದ್ದೂ ಉಂಟು, ರಬ್ಬರಿಗಾಗಿ ಜಾಗ ತೆರವು ಮಾಡಿದ್ದೂ ಉಂಟು. ದೂರದ, ರಸ್ತೆಯಿಲ್ಲದ ಹಳ್ಳಿಗಳಲ್ಲಿ ಮರಗಳು ಉಳಿದುಕೊಂಡವು. ಬಡತನವೇ ಅವುಗಳನ್ನು ಕಾಯಿತು ಎಂದರೂ ತಪ್ಪಲ್ಲ.

ಗಾಳಿ ತಿರುಗಿದ್ದು 1990ರ ದಶಕದ ನಡುವಿನಲ್ಲಿ. ಹಾಂಗ್‌ಕಾಂಗಿನ ಗೋದಾಮುಗಳಲ್ಲಿ ದಶಕಗಳ ಕಾಲ ಬಿದ್ದಿದ್ದ ಹಳೆಯ ಬಿಲ್ಲೆಗಳ ರುಚಿಗೆ ತೈವಾನಿನ ಚಹಾಪ್ರಿಯರು ಮನಸೋತರು. 1995ರಲ್ಲಿ ಡೆಂಗ್ ಶಿಹಾಯ್ ಬರೆದ ಪು-ಅರ್ ಕುರಿತ ಪುಸ್ತಕ ಆ ಹುಚ್ಚಿಗೆ ದಾರಿ ಮಾಡಿಕೊಟ್ಟಿತು. ಅವರಲ್ಲಿ ಕೆಲವರು ಮೂಲ ಹುಡುಕಿಕೊಂಡು ಯೀವು ಎಂಬ ಹಳೆಯ ಚಹಾ ಊರಿಗೇ ಬಂದು, ಮರೆತುಹೋಗಿದ್ದ ಕೈಕೆಲಸವನ್ನು ಮತ್ತೆ ಮಾಡಿಸಿದರು. ಮುಂದೆ ಚೀನಾದ ಹಣವಂತರೂ ಬಂದರು. 1999ರಿಂದ 2007ರ ಹೊತ್ತಿಗೆ ಪು-ಅರ್ ಬೆಲೆ ಹತ್ತು ಪಟ್ಟಿನಷ್ಟು ಏರಿತು. ಕುಡಿಯುವುದಕ್ಕಲ್ಲ, ಷೇರಿನ ಹಾಗೆ ಕೂಡಿಡುವುದಕ್ಕೆ ಜನ ಕೊಂಡರು. 2007ರಲ್ಲೇ ಗುಳ್ಳೆ ಒಡೆಯಿತು. ಅನೇಕ ವ್ಯಾಪಾರಿಗಳು, ಸಾಲ ಮಾಡಿ ಮನೆ ಕಟ್ಟಿದ ಬೆಳೆಗಾರರು ಕೈ ಸುಟ್ಟುಕೊಂಡರು.

ಆಮೇಲೆ ಬೆಲೆ ಮತ್ತೆ ಏರಿತು. ಆದರೆ ಎಲ್ಲ ಪು-ಅರ್‌ಗೂ ಅಲ್ಲ, ಹೆಸರಾಂತ ಹಳ್ಳಿಗಳ ಹಳೆಯ ಮರದ ಎಲೆಗೆ ಮಾತ್ರ. ಲಾವ್ ಬಾನ್‌ಝಾಂಗ್, ಬಿಂಗ್‌ದಾವ್ ಎಂಬ ಸಣ್ಣ ಹಳ್ಳಿಗಳ ಹೆಸರು ಬಿಲ್ಲೆಯ ಮೇಲಿದ್ದರೆ ಸಾಕು, ಕಿಲೋಗೆ ಸಾವಿರಾರು ಯುವಾನ್. ಹುಲ್ಲು ಹೊದೆಸಿದ ಮನೆಗಳಿದ್ದ ಕಡೆ ಕಾಂಕ್ರೀಟ್ ಮಹಡಿಗಳು, ಅಂಗಳದಲ್ಲಿ ಕಾರುಗಳು.

ಮರದ ವಯಸ್ಸು ಹೇಳುವವರಾರು?

ಹಣ ಬಂದದ್ದು ತಪ್ಪೇನಲ್ಲ. ಶತಮಾನಗಳ ಕಾಲ ಲಾಭವೆಲ್ಲ ಸಂತೆಯವರ ಪಾಲಾಗಿ, ಬೆಟ್ಟದವರಿಗೆ ಬೆವರು ಮಾತ್ರ ಉಳಿದಿತ್ತು. ತೊಂದರೆ ಇರುವುದು ಬೆಲೆಯನ್ನು ವಯಸ್ಸಿಗೆ ಕಟ್ಟಿರುವುದರಲ್ಲಿ.

ಏಕೆಂದರೆ ಚಹಾ ಮರದ ವಯಸ್ಸನ್ನು ಖಚಿತವಾಗಿ ಹೇಳುವುದು ಬಹಳ ಕಷ್ಟ. ಕಾಂಡ ಕೊರೆದು ಉಂಗುರ ಎಣಿಸಿದರೆ ಮರಕ್ಕೆ ಗಾಯ, ಅನೇಕ ಮುದಿಮರಗಳ ಒಡಲು ಟೊಳ್ಳು, ಕಡಿಸಿಕೊಂಡ ಮರ ಬುಡದಿಂದ ಮತ್ತೆ ಕವಲೊಡೆದಿರುತ್ತದೆ. ಕಾಂಡದ ದಪ್ಪ ನೋಡಿ ಊಹಿಸಬಹುದು, ಅಷ್ಟೆ. ಎಂಟುನೂರು ವರ್ಷ, ಸಾವಿರದೇಳುನೂರು ವರ್ಷ ಎಂದು ಫಲಕ ಹಾಕಿಸಿಕೊಂಡ ಮರಗಳ ಲೆಕ್ಕವೂ ಹೆಚ್ಚಾಗಿ ಅಂದಾಜಿನದೇ. ಮರದ ವಯಸ್ಸೇ ಹೀಗಾದರೆ, ಒಣಗಿ ಬಿಲ್ಲೆಯಾದ ಎಲೆಯ ಮಾತೇನು? ಐವತ್ತು ವರ್ಷದ ಮರದ ಎಲೆಯನ್ನು ಮುನ್ನೂರರದ್ದು ಎಂದರೆ, ಪಕ್ಕದ ಹಳ್ಳಿಯ ಎಲೆಗೆ ಲಾವ್ ಬಾನ್‌ಝಾಂಗಿನ ಕಾಗದ ಸುತ್ತಿದರೆ ಹಿಡಿಯುವವರಾರು? 2007ರಲ್ಲಿ ಯೀವುವಿನಲ್ಲಿ ನೆಲೆಸಿ ಈ ಚಹಾದ ಏರಿಳಿತವನ್ನು ಅಧ್ಯಯನ ಮಾಡಿ 2013ರಲ್ಲಿ ಪುಸ್ತಕ ಬರೆದ ಮಾನವಶಾಸ್ತ್ರಜ್ಞೆ ಝಾಂಗ್ ಜಿಂಗ್‌ಹೊಂಗ್ ಅವರಿಗೂ ಮತ್ತೆ ಮತ್ತೆ ಎದುರಾದ ಪ್ರಶ್ನೆ ಇದೇ: ಯಾವುದು ಅಸಲಿ, ಹಾಗೆಂದು ಹೇಳುವ ಹಕ್ಕು ಯಾರದು?

ಸುಳ್ಳಿನಿಂದ ನಮ್ಮ ಜೇಬಿಗೆ ಮಾತ್ರ ನಷ್ಟವಾಗಿದ್ದರೆ ಸುಮ್ಮನಿರಬಹುದಿತ್ತು. ಏಟು ಬೀಳುವುದು ಮರಗಳಿಗೆ. ವರ್ಷಕ್ಕೆ ಒಂದೆರಡು ಸಲ ಚಿಗುರು ಕೊಡುತ್ತಿದ್ದ ಮರವನ್ನು ಬೆಲೆಯ ಆಸೆಗೆ ಮತ್ತೆ ಮತ್ತೆ ಬೋಳಿಸಿದರೆ ಅದು ಸೊರಗುತ್ತದೆ. ನೋಡಲು ಬರುವವರ ಕಾಲ್ತುಳಿತಕ್ಕೆ ಬುಡದ ಮಣ್ಣು ಗಟ್ಟಿಯಾಗುತ್ತದೆ. ನೆರಳು ಕಡಿಮೆಯಾದರೆ ಇಳುವರಿ ಹೆಚ್ಚೀತೆಂದು ಮೇಲಿನ ಕಾಡುಮರಗಳಿಗೆ ಕೊಡಲಿ ಬೀಳುತ್ತದೆ. ಬೆಳ್ಳಿಬಂಗಾರ ಖರ್ಚಾಗಿಹೋದೀತು ಎಂದು ಪಾ ಐಲಿಂಗ್ ಮರ ಬಿಟ್ಟುಹೋದ. ಈಗ ಮರವೇ ಬಂಗಾರವಾಗಿ, ಅದೂ ಖರ್ಚಾಗಿಹೋಗುವ ಭಯ.

ಈ ಭಯ ಅಲ್ಲಿನವರಿಗೂ ಇದೆ. ಮಳೆಗಾಲದಲ್ಲಿ ಕೊಯ್ಲು ನಿಲ್ಲಿಸಿ ಮರಕ್ಕೆ ಬಿಡುವು ಕೊಡುವ ಬೆಳೆಗಾರರು ಇದ್ದಾರೆ. ಯುನ್ನಾನ್ ಪ್ರಾಂತ ಹಳೆಯ ಚಹಾ ಮರಗಳ ರಕ್ಷಣೆಗೆಂದೇ ರೂಪಿಸಿದ ಕಾಯಿದೆ ಮಾರ್ಚ್ 2023ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕಾಡಿನಲ್ಲಿ ತಾನಾಗಿ ಬೆಳೆದ ಚಹಾ ಮರ, ಮತ್ತು ನೆಟ್ಟದ್ದಾದರೆ ನೂರು ವರ್ಷ ದಾಟಿದ ಮರ, 'ಪುರಾತನ'. ಜಿಂಗ್‌ಮಾಯ್‌ನ ವಿಷಯದಲ್ಲಿ ಯುನೆಸ್ಕೋ ಗುರುತಿಸಿದ್ದು ಯಾವುದೋ ಒಂದು ಅತಿ ಹಳೆಯ ಮರವನ್ನಲ್ಲ. ಹಳ್ಳಿ, ಕಾಡು, ಮರ, ನಂಬಿಕೆ ಎಲ್ಲ ಸೇರಿದ ಬಾಳಿನ ಕ್ರಮವನ್ನು. ಬೆಲೆ ಕಟ್ಟಬೇಕಾದರೆ ಕಟ್ಟಬೇಕಾದದ್ದು ಅದಕ್ಕೇ ಎಂದು ನನ್ನ ಅಭಿಪ್ರಾಯ.

ಕೊಳ್ಳುವವರಿಗೆ, ಕುಡಿಯುವವರಿಗೆ

ಹಾಗಾದರೆ ನಾವು ಏನು ಮಾಡಬಹುದು? ಮೊದಲನೆಯದಾಗಿ, ಬಿಲ್ಲೆಯ ಮೇಲೆ ಮುದ್ರಿಸಿದ ಮರದ ವಯಸ್ಸಿಗೆ ದುಡ್ಡು ಕೊಡಬೇಡಿ. ಐನೂರು, ಸಾವಿರ ಎಂಬ ಅಂಕಿ ದೊಡ್ಡದಾದಷ್ಟೂ ಅನುಮಾನವೂ ದೊಡ್ಡದಾಗಲಿ. ಅದರ ಬದಲು ಯಾವ ಹಳ್ಳಿ, ಯಾವ ವರ್ಷ, ವಸಂತದ್ದೋ ಮಳೆಗಾಲದ್ದೋ, ತೋಟದಲ್ಲಿ ನೆರಳಿನ ಮರಗಳಿವೆಯೋ ಎಂದು ಕೇಳಿ. ಬಲ್ಲ ವ್ಯಾಪಾರಿ ಉತ್ತರಿಸುತ್ತಾನೆ. ಹೆಸರಿಲ್ಲದ ಹಳ್ಳಿಗಳ ಒಳ್ಳೆಯ ಚಹಾ ಕಡಿಮೆ ಬೆಲೆಗೆ ಸಿಗುತ್ತದೆ. ಇಡೀ ಬಿಲ್ಲೆ ಕೊಳ್ಳುವ ಮುನ್ನ ಹತ್ತಿಪ್ಪತ್ತು ಗ್ರಾಂ ಮಾದರಿ ತರಿಸಿ ಕುಡಿದು ನೋಡಿ.

ಮಾಡುವ ಬಗೆ ಸರಳ. ಬಿಲ್ಲೆಯ ಅಂಚಿನಿಂದ ಮೊಂಡು ಚಾಕುವಿನಲ್ಲಿ ಎಲೆ ಮುರಿಯದಂತೆ ಮೆಲ್ಲಗೆ ಬಿಡಿಸಿ. ಒಂದು ಚಿಕ್ಕ ಬಟ್ಟಲು ನೀರಿಗೆ, ಅಂದರೆ ಸುಮಾರು 100 ಮಿಲಿಲೀಟರಿಗೆ, ಐದಾರು ಗ್ರಾಂ ಸಾಕು. ಕುದಿಯುವ ನೀರು ಹೊಯ್ದು ಮೊದಲ ನೀರನ್ನು ಚೆಲ್ಲಿ. ಮತ್ತೆ ಹೊಯ್ದು ಹತ್ತು ಸೆಕೆಂಡಿನೊಳಗೆ ಸೋಸಿ. ಹೀಗೇ ಸ್ವಲ್ಪ ಸ್ವಲ್ಪ ಸಮಯ ಹೆಚ್ಚಿಸುತ್ತ ಹತ್ತು ಸಲವಾದರೂ ಕುಡಿಯಬಹುದು. ನಮ್ಮ ಚಹಾದ ಹಾಗೆ ಕುದಿಸಿದಿರೋ, ಕಷಾಯವೇ ಸರಿ! ಹಾಲು ಸಕ್ಕರೆ ಬೇಡ. ಖಾಲಿ ಹೊಟ್ಟೆಯಲ್ಲೂ ಬೇಡ, ಎಳೆಯ ಹಸಿ ಪು-ಅರ್ ಹೊಟ್ಟೆಯನ್ನು ಕಲಕುತ್ತದೆ. ಕೊಬ್ಬು ಕರಗಿಸುತ್ತದೆ, ಆ ರೋಗ ಈ ರೋಗ ವಾಸಿ ಮಾಡುತ್ತದೆ ಎಂಬ ಜಾಹೀರಾತುಗಳನ್ನು ನಂಬಿ ಕೊಳ್ಳಬೇಡಿ. ರುಚಿಗಾಗಿ ಕುಡಿಯಿರಿ, ಅದು ಸಾಕು.

ಉಳಿದ ಬಿಲ್ಲೆಯನ್ನು ಮಸಾಲೆ ಡಬ್ಬಿಗಳಿಂದ ದೂರವಿಡಿ, ಪು-ಅರ್ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ಇಂಗಿನ ಪಕ್ಕ ಇಟ್ಟರೆ ಇಂಗಿನ ಚಹಾ ಗ್ಯಾರಂಟಿ. ಬಿಸಿಲು ಬೀಳದ, ತೀರಾ ಒಣಗದ ಜಾಗ ಬೇಕು. ಸಿಂಗಪುರದಂಥ ತೇವದ ಊರಿನಲ್ಲಿ ಅದು ಬೇಗ ಮಾಗುತ್ತದೆ, ಆದರೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳಬೇಕು. ಅರಿಜೋನಾದಂಥ ಒಣ ಸೀಮೆಯಲ್ಲಿ ವರ್ಷ ಕಳೆದರೂ ಹಾಗೆಯೇ ಕುಳಿತಿರುತ್ತದೆ.

ನಮ್ಮ ಓದುಗರಲ್ಲಿ ಯಾರಾದರೂ ಯುನ್ನಾನಿನ ಆ ಬೆಟ್ಟಗಳಿಗೆ ಹೋಗಿಬಂದಿದ್ದರೆ, ಅಥವಾ ಹತ್ತು ವರ್ಷ ಕಾದು ಮಾಗಿಸಿದ ಬಿಲ್ಲೆ ಮನೆಯಲ್ಲಿದ್ದರೆ, ದಯವಿಟ್ಟು ಬರೆದು ತಿಳಿಸಿ. ಬಿಲ್ಲೆ ಇದ್ದವರು ಮುಂದಿನ ಕೂಟಕ್ಕೆ ಒಂದು ಚೂರು ತಂದರೆ ಇನ್ನೂ ಸಂತೋಷ. ಬಿಸಿನೀರಿನ ವ್ಯವಸ್ಥೆ ನಮ್ಮದು.